ಗುರಿಕಾರನ ಎಡೆ

ಸೋಲ್ನಾ
21 ಜುಲೈ 2024

ಸುಲೋಚನಾ ಅತ್ತಿಗೆಯವರಿಗೆ ಶಿವಕುಮಾರನ ನಮಸ್ಕಾರ.

ಅಪೂರ್ವಳಿಗೆ ಗಂಡು ಮಗುವಾಗಿದೆ. ಹೋದ ಭಾನುವಾರ, ಹದಿನಾಲ್ಕನೇ ತಾರೀಖು. ತಾಯಿ ಮಗು ಇಬ್ಬರೂ ಕ್ಷೇಮ. ಮಗುವಿನ ಮೂಗು ಅವಳ ಗಂಡ ಎಮಿಲ್‌ನದು, ಬಣ್ಣವೂ ಅವನದೇ, ಕೂದಲು ಒಣಹುಲ್ಲು. ನಮ್ಮದು ಅನ್ನುವುದು ಏನಾದರೂ ಇದೆಯಾ ಎಂದು ಎರಡು ದಿನ ಹುಡುಕಿದೆ. ಅಳುವಾಗ ಮಾತ್ರ ನಮ್ಮಣ್ಣನ ಗಂಟಲು.

ಫೋನು ಮಾಡಿ ಪ್ರಯೋಜನವಿಲ್ಲ. ಹೋದ ಸಲ ಮೊಣಕಾಲು ಆಪರೇಷನ್ ಎಂದೆ, ನೀವು "ಬಾಳ ಸಂತೋಷ" ಎಂದಿರಿ. ಕಿವಿಗೆ ಮಿಷನ್ನು ಹಾಕಿಸಿಕೊಳ್ಳಿ ಎಂದು ಸುಧೀರ ಹೇಳಿ ಹೇಳಿ ಸಾಕಾಗಿದ್ದಾನೆ. ನಿಮ್ಮ ಮಗ ಹೇಳಿದ್ದನ್ನು ನೀವು ಯಾವತ್ತು ಕೇಳಿದ್ದೀರಿ? ಹಾಗಾಗಿ ಕಾಗದ.

ಒಂದು ಕೆಲಸ ಆಗಬೇಕು. ಎಮಿಲ್‌ನ ತಾಯಿ ಗುನ್‌ವೋರ್ ಕಾರ್ಲ್‌ಸ್ಕ್ರೂನಾದಿಂದ ಬಂದು ಕೂತಿದ್ದಾಳೆ. ನನ್ನ ವಯಸ್ಸೇ, ಎಪ್ಪತ್ತೆರಡು. ಕೈಯಲ್ಲಿ ಒಂದು ದಪ್ಪ ಫೈಲು, ಅದರಲ್ಲಿ ಅವರ ವಂಶದ ಎಂಟು ತಲೆಮಾರು. ಇಲ್ಲಿ ಹಿಂದೆ ಚರ್ಚಿನ ಪಾದ್ರಿಗಳು ಪ್ರತಿ ಮನೆಯಲ್ಲಿ ಯಾರು ಹುಟ್ಟಿದರು, ಯಾರು ಸತ್ತರು, ಯಾರಿಗೆ ಓದಲು ಬರುತ್ತದೆ, ಯಾರಿಗೆ ಬರುವುದಿಲ್ಲ, ಎಲ್ಲ ಬರೆದಿಟ್ಟಿದ್ದಾರೆ. ನಮ್ಮೂರಲ್ಲಿ ಅಂಥ ಪಾದ್ರಿ ಇದ್ದಿದ್ದರೆ ನನ್ನ ಹೆಸರಿನ ಮುಂದೆ 'ಏಳನೇ ಕ್ಲಾಸು, ಓಡಿಹೋದ' ಎಂದಿರುತ್ತಿತ್ತು. ಅವಳ ಹಿರಿಯನೊಬ್ಬ 1808ರಲ್ಲಿ ದಂಡಿನ ಅಧಿಕಾರಿಯಂತೆ. ರಾಜನ ಖಾಯಂ ಸೈನ್ಯವಲ್ಲ, ಹೊಲ ಉಳುತ್ತಿದ್ದವರನ್ನು ಹಿಡಿದು ತಂದು ಕೈಗೆ ಬಂದೂಕು ಕೊಟ್ಟ ದಂಡು. ಮರುವರ್ಷ ಆ ರಾಜನನ್ನೇ ಪಟ್ಟದಿಂದ ಇಳಿಸಿದರಂತೆ.

"ನಿಮ್ಮ ಕಡೆ ಯಾರು?" ಎಂದು ಕೇಳಿದಳು.

ಅತ್ತಿಗೆ, ಸಾಹೇಬರೊಬ್ಬರ ಮನೆಯ ಅಡಿಗೆಯವನಾಗಿ ಈ ಸ್ವೀಡನ್ ದೇಶಕ್ಕೆ ಬಂದು ನಲವತ್ತಮೂರು ವರ್ಷವಾಯಿತು. ಕಿಸ್ಟಾದ ಹೋಟೆಲಿನಲ್ಲಿ ಸೌಟು ಕೆಳಗಿಟ್ಟು ರಿಟೈರಾದೆ. ಸಾಂಬಾರಿಗೆ ಏನು ಹಾಕುತ್ತೀ ಎಂದು ಸಾವಿರ ಜನ ಕೇಳಿದ್ದಾರೆ. ನೀನು ಯಾರ ಪೈಕಿ ಎಂದು ಒಬ್ಬರೂ ಕೇಳಿರಲಿಲ್ಲ.

ಹೇಳಿದೆ. ನಮಗೂ ಒಬ್ಬನಿದ್ದಾನೆ, ಗುರಿಕಾರ ಭರಮಪ್ಪ. ಮೈಸೂರು ಸೀಮೆಯ ಕಂದಾಚಾರ ಎಂಬ ಊರಕಾವಲಿನ ದಂಡಿನಲ್ಲಿ ಮೂವತ್ತು ಜನರ ಮೇಲಿನ ಅಧಿಕಾರಿ. 1830ರಲ್ಲಿ ನಗರದ ಸೀಮೆಯ ರೈತರು ಕೂಟ ಕಟ್ಟಿ ದಂಗೆ ಎದ್ದಾಗ, ಸರ್ಕಾರದ ಉಪ್ಪು ತಿಂದವನು ರೈತರ ಪಕ್ಕಕ್ಕೆ ಬಂದು ನಿಂತ. ನಮ್ಮ ಮನೆಗೆ ಗುರಿಕಾರರ ಮನೆ ಎಂಬ ಹೆಸರು ಅವನಿಂದ ಬಂತು, ಅವನ ಕತ್ತಿ ಈಗಲೂ ನಮ್ಮಲ್ಲಿದೆ. ಹೇಳುತ್ತ ಹೇಳುತ್ತ ನನ್ನ ಬೆನ್ನು ನೆಟ್ಟಗಾಯಿತು, ಸುಳ್ಳು ಯಾಕೆ ಹೇಳಲಿ.

ಮಗುವಿಗೆ ಅವನ ಹೆಸರು ಇಡಬೇಕು. ಭರಮ. ಅಪೂರ್ವಳನ್ನು ಕೇಳಿದೆ. ಅವಳು, "ಅಪ್ಪ, ಹೆಸರು ಓಕೆ. ಆದ್ರೆ ಅವರು ನಿಜವಾಗ್ಲೂ ಇದ್ರಾ? ಗುನ್‌ವೋರ್ ಸೈಡ್ ಎಲ್ಲಾದಕ್ಕೂ ಪೇಪರ್ ಇದೆ. ನಮ್ ಸೈಡ್ ಬರೀ ನಿಮ್ ಬಾಯಿ" ಎಂದಳು. ಇಲ್ಲೇ ಹುಟ್ಟಿದವಳು, ಹಾಗೆಯೇ ಮಾತಾಡುತ್ತಾಳೆ. ಪೇಪರ್ ತೋರಿಸಿದರೆ ಇಡುತ್ತಾಳಂತೆ.

ಮೂರು ತಿಂಗಳೊಳಗೆ ಮಗುವಿನ ಹೆಸರನ್ನು ಇಲ್ಲಿಯ ತೆರಿಗೆ ಆಫೀಸಿಗೆ ಬರೆದು ಕೊಡಬೇಕು. ಅಂದರೆ ಅಕ್ಟೋಬರ್ ಹದಿನಾಲ್ಕು. ಕತ್ತಿಯ ಮೇಲೆ ಏನಾದರೂ ಕೆತ್ತಿದೆಯಾ ನೋಡಿ. ಟ್ರಂಕಿನಲ್ಲಿ ಸರ್ಕಾರ ಕೊಟ್ಟ ಹಳೆಯ ಸನದು ಇದ್ದರೆ ಸುಧೀರನಿಂದ ಫೋಟೊ ತೆಗೆಸಿ. ಅವನನ್ನು ತಾಲ್ಲೂಕು ಕಚೇರಿಗೂ ಅಟ್ಟಿ. ತಡ ಮಾಡಬೇಡಿ. ನಿಮಗೆ ತಡ ಮಾಡುವ ಚಾಳಿ ಇದೆ.

ಇಂತಿ,
ಶಿವಕುಮಾರ

———

ಹರಿಹರ
10-8-2024

ಶಿವುಗೆ ಅತ್ತಿಗೆಯ ಆಶೀರ್ವಾದ.

ನಿನ್ನ ಕಾಗದ ಮೊನ್ನೆ ಮುಟ್ಟಿತು. ಫೋಟೊದಲ್ಲಿ ಕೂಸನ್ನು ನೋಡಿದೆ. ಬೆಣ್ಣೆ ಮುದ್ದೆ. ದೃಷ್ಟಿ ತೆಗೆಯುವವರು ಯಾರಿದ್ದಾರೆ ಅಲ್ಲಿ, ನೀನೇ ತೆಗಿ. ಮೊಮ್ಮಗನನ್ನು ನೋಡಲು ಮಾಲತಿ ಇರಬೇಕಿತ್ತು. ಆರು ವರ್ಷವಾಯಿತು ಹೋಗಿ, ಇಂಥ ಹೊತ್ತಿನಲ್ಲಿ ನೆನಪಾಗುತ್ತಾಳೆ.

ಎರಡು ಕುಲಾವಿ ಹೆಣೆದಿದ್ದೇನೆ. ಕಣ್ಣು ಮಂಜಾಗಿ ಒಂದರ ಕಿವಿ ಸೊಟ್ಟಗಾಗಿದೆ. ಮನೆಯೊಳಗೆ ಹಾಕಿ. ಅಪೂರ್ವ ತಣ್ಣೀರು ಮುಟ್ಟದಿರಲಿ. ಅಲ್ಲಿ ಹೆತ್ತ ಮೂರನೇ ದಿನಕ್ಕೇ ರಸ್ತೆಗೆ ಹೋಗುತ್ತಾರೆಂದು ಮಾಲತಿ ಹೇಳುತ್ತಿದ್ದಳು. ಯಾರಾದರೂ ಹೋಗಲಿ, ನಮ್ಮ ಹುಡುಗಿ ಬೇಡ.

ನೀನು ಕೇಳಿದ ಕಾಗದಪತ್ರ ಯಾವುದೂ ಇಲ್ಲ ಶಿವು. ಹಳ್ಳಿಯ ಮನೆ ಮಾರಿ ಇಲ್ಲಿಗೆ ಬರುವಾಗ ಟ್ರಂಕಿನಲ್ಲಿ ಗೆದ್ದಲು ಬಿಟ್ಟು ಮತ್ತೇನೂ ಇರಲಿಲ್ಲ. ಕತ್ತಿ ಅಟ್ಟದ ಮೇಲಿದೆ, ತುಕ್ಕು ತಿಂದು ಅಕ್ಷರ ಇದ್ದರೂ ಕಾಣುವುದಿಲ್ಲ. ಸುಧೀರನಿಗೆ ಅಂಗಡಿ ಬಿಟ್ಟು ಕಚೇರಿ ಅಲೆಯಲು ಪುರಸೊತ್ತಿಲ್ಲ.

ನಿಮ್ಮಪ್ಪನ ಹೆಸರು ಇಡಬಾರದೆ? ದೇವರಂಥ ಮನುಷ್ಯ. ಇಲ್ಲದಿದ್ದರೆ ಹೊಸ ಕಾಲದ ಹೆಸರು ಯಾವುದಾದರೂ ಇಡಿ, ಕರೆಯುವ ಬಾಯಿಗೆ ಸುಲಭವಿರಲಿ. ಅದೊಂದು ಹೆಸರು ಬೇಡ.

ಮೊಣಕಾಲಿಗೆ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕು.

ಸುಲೋಚನಾ

———

ಸೋಲ್ನಾ
24 ಆಗಸ್ಟ್ 2024

ಅತ್ತಿಗೆಯವರಿಗೆ,

ಕುಲಾವಿ ಬಂತು. ಕಾಗದವೂ ಬಂತು. ಎಳ್ಳೆಣ್ಣೆ ಕೇಳಿದವರು ಯಾರು?

ನಾನು ಕೇಳಿದ್ದಕ್ಕೆ ಉತ್ತರವಿಲ್ಲ. "ಅದೊಂದು ಹೆಸರು ಬೇಡ." ಯಾಕೆ ಬೇಡ? ಒಂದು ಸಾಲು ಬರೆಯಲು ನಿಮ್ಮ ಪೆನ್ನಿನಲ್ಲಿ ಶಾಯಿ ಇರಲಿಲ್ಲವೆ? ನನಗೆ ತಿಳಿಯದೆಂದು ತಿಳಿಯಬೇಡಿ. ನಿಮ್ಮ ಮೊಮ್ಮಗಳು ಭೂಮಿಗೆ ಮದುವೆ ಗೊತ್ತಾಗಿದೆ. ನಾಳೆ ಅವಳಿಗೊಂದು ಗಂಡಾದರೆ ಆ ಹೆಸರು ಇರಲಿ ಎಂದು ಕಾದಿರಿಸಿದ್ದೀರಿ. ಕತ್ತಿ ನಮ್ಮಣ್ಣ ಹಿರಿಯನೆಂದು ನಿಮ್ಮಲ್ಲಿ ಉಳಿಯಿತು, ನಾನು ತುಟಿ ಬಿಚ್ಚಲಿಲ್ಲ. ಹೆಸರೂ ನಿಮಗೇ ಬೇಕೆ? ಪರದೇಶದಲ್ಲಿ ಸೌಟು ತಿರುವಿದವನ ಮೊಮ್ಮಗ, ಅದೂ ಬಿಳಿಯ ಕೂಸು, ಗುರಿಕಾರನ ಹೆಸರು ಹೊರಲು ತಕ್ಕವನಲ್ಲ ಎಂದು ತಾನೆ? ಹಾಗೆಂದು ಬರೆದುಬಿಡಿ.

ಅವನು ನಮ್ಮ ಹಿರಿಯನಲ್ಲದಿದ್ದರೆ ಮಹಾಲಯ ಅಮಾವಾಸ್ಯೆಗೆ ಮೊದಲ ಎಡೆ ಅವನಿಗೆ ಯಾಕೆ ಇಡುತ್ತಿದ್ದೆವು? ನಮ್ಮ ಅಜ್ಜನಿಗೂ ಮುಂಚೆ, ನಮ್ಮಪ್ಪನಿಗೂ ಮುಂಚೆ, ಅಂಗಳದ ಚಪ್ಪಡಿಯ ಮೇಲೆ ಬೇರೆಯೇ ಬಾಳೆಲೆ. ಆ ಇಡೀ ದಿನ ಮನೆಯಲ್ಲಿ ಯಾವ ಪಾತ್ರೆಗೂ ಮುಚ್ಚಳ ಹಾಕಕೂಡದು. ನಾನು ಎಂಟು ವರ್ಷದವನಿದ್ದಾಗ ಕಡುಬಿನ ಪಾತ್ರೆ ಮುಚ್ಚಿದೆನೆಂದು ಅವ್ವ ಬೆನ್ನಿಗೆ ಗುದ್ದಿದ್ದು ಇನ್ನೂ ನೆನಪಿದೆ. ಮಾಲತಿಯೂ ಇಲ್ಲಿ ಒಂದು ವರ್ಷ ತಪ್ಪಿಸಲಿಲ್ಲ. ಒಗ್ಗರಣೆ, ಅನ್ನ, ಸಾರು ಎಲ್ಲ ತೆರೆದಿಟ್ಟು, ಹೊಗೆಯ ಗಂಟೆ ಹೊಡೆದುಕೊಂಡು, ಕೆಳಗಿನ ಮನೆಯವರು ಮೇಲೆ ಬಂದು, ನಾನು ಅವಳಿಗೆ "ಅಡಿಗೆಯವನ ಹೆಂಡತಿಗೆ ಮುಚ್ಚಳ ಹಾಕಲು ಬರೋದಿಲ್ವೇನೆ" ಎಂದು ಬೈಯುತ್ತಿದ್ದೆ. ಅವಳು ಮಾತಾಡುತ್ತಿರಲಿಲ್ಲ. ಅಷ್ಟು ಭಕ್ತಿ ಅವಳಿಗೆ. ನಿಮಗೆ?

ಮೊನ್ನೆ ಗುನ್‌ವೋರ್ ಫೈಲು ತೆರೆದು ಕೂತಿದ್ದಳು. ಒಂದು ಹಾಳೆಯ ನಡುವೆ ಮಗು, ಎಡಗಡೆ ಅವರ ವಂಶ, ತುಂಬಿ ತುಳುಕುತ್ತಿದೆ. ಬಲಗಡೆ ಅಪೂರ್ವ, ಅವಳ ಮೇಲೆ ನಾನು ಮತ್ತು ಮಾಲತಿ, ಆಮೇಲೆ ಬಿಳಿ ಹಾಳೆ. ಆ ಹೆಂಗಸು ಒಳ್ಳೆಯವಳೇ. "ಪರವಾಗಿಲ್ಲ ಶಿವಾ, ಖಾಲಿ ಬಿಟ್ಟರೂ ನಡೆಯುತ್ತದೆ" ಎಂದಳು. ಅವಳು ಹಾಗೆ ಹೇಳದೆ ಒಂದು ಏಟು ಹೊಡೆದಿದ್ದರೂ ಸಹಿಸುತ್ತಿದ್ದೆ.

ನಾನಿನ್ನು ಎಷ್ಟು ದಿನವೋ. ಈ ಕೂಸು ನನ್ನ ಭಾಷೆ ಮಾತಾಡುವುದಿಲ್ಲ, ನನ್ನ ಅಡಿಗೆ ತಿನ್ನುತ್ತದೋ ಇಲ್ಲವೋ. ನಮ್ಮದೆಂದು ಅದರ ಮೈಮೇಲೆ ಒಂದು ಹೆಸರಾದರೂ ಇರಲಿ ಎಂದರೆ ಅದಕ್ಕೂ ನಿಮ್ಮ ಅಡ್ಡಗಾಲು.

ಉತ್ತರ ಬರೆಯಿರಿ. ಬರೆಯದಿದ್ದರೆ ನನಗೆ ತೋಚಿದ್ದು ನಾನು ಮಾಡುತ್ತೇನೆ.

ಶಿವಕುಮಾರ

———

ಹರಿಹರ
11-9-2024

ಶಿವು,

ನಿನ್ನ ಕಾಗದ ಸುಧೀರ ಓದಿ ಹೇಳುತ್ತೇನೆಂದ, ನಾನು ಕೊಡಲಿಲ್ಲ. ಭೂತಗನ್ನಡಿ ಹಿಡಿದು ನಾನೇ ಓದಿಕೊಂಡೆ. ನಿನಗೆ ಹನ್ನೆರಡು ವರ್ಷವಿದ್ದಾಗ ನಾನು ಆ ಮನೆಗೆ ಸೊಸೆಯಾಗಿ ಬಂದವಳು. ನಿನ್ನ ತಲೆಯ ಹೇನು ಹೆಕ್ಕಿದ್ದೇನೆ. ಭೂಮಿಗಾಗಿ ಹೆಸರು ಬಚ್ಚಿಟ್ಟೆ ಎಂದು ಬರೆದಿದ್ದೀಯಲ್ಲ, ಬರೆಯುವಾಗ ನನ್ನ ಮುಖ ನೆನಪಾಗಲಿಲ್ಲವೆ?

ಇರಲಿ. ಕೇಳಿದ್ದೀಯ, ಹೇಳುತ್ತೇನೆ. ನಮ್ಮ ಮನೆಯ ಗಂಡಸರಿಗೆ ಇದನ್ನು ಹೇಳಿದ ರೂಢಿಯಿಲ್ಲ. ಮೊದಲ ಬಾಣಂತನದಲ್ಲಿ ಅತ್ತೆ ಸೊಸೆಗೆ ಹೇಳುವುದು. ಗಂಡಸರಿಗೆ ಕತ್ತಿ, ಹೆಂಗಸರಿಗೆ ಕತೆ.

ಭರಮಪ್ಪ ನಮ್ಮ ಹಿರಿಯನಲ್ಲ. ನಮ್ಮ ಹಿರಿಯ ತಿಮ್ಮಪ್ಪ. ದಂಗೆ ಮುರಿದ ಮೇಲೆ ಸರ್ಕಾರದ ಸವಾರರು ಗುರಿಕಾರನನ್ನು ಹುಡುಕುತ್ತಿದ್ದರು. ಅವನು ತಿಮ್ಮಪ್ಪನ ಸ್ನೇಹಿತ, ಬಂದು ಅಡಗಿಸು ಎಂದ. ತಿಮ್ಮಪ್ಪ ಅವನನ್ನು ಅಂಗಳದ ಹಗೇವಿಗೆ ಇಳಿಸಿದ. ನೆಲದೊಳಗೆ ಜೋಳ ತುಂಬಿಡುವ ಗುಂಡಿ, ನೀನು ಚಿಕ್ಕಂದಿನಲ್ಲಿ ಬೇರೆ ಮನೆಗಳಲ್ಲಿ ನೋಡಿದ್ದೀಯಲ್ಲ, ಅಂಥದ್ದು. ಅದೇ ಹೊತ್ತಿಗೆ ಸವಾರರು ಬಂದರು. ತಿಮ್ಮಪ್ಪ ಹಗೇವಿನ ಬಾಯಿಗೆ ಚಪ್ಪಡಿ ಎಳೆದು, ಸಂದಿಗೆ ಸಗಣಿ ಮಣ್ಣು ಮೆತ್ತಿ, ಮೇಲೆ ಹುಲ್ಲು ಹರಡಿದ. ಅವರು ಬಂದವರು ಹೋಗಲಿಲ್ಲ. ಮೂರು ದಿನ ಆ ಅಂಗಳದಲ್ಲೇ ಬಿಡಾರ ಮಾಡಿದರು. ಕುದುರೆಗಳು ಆ ಹುಲ್ಲನ್ನೇ ತಿಂದವಂತೆ.

ತಿಮ್ಮಪ್ಪನ ಸೊಸೆ ಹನ್ನೊಂದು ದಿನದ ಬಾಣಂತಿ, ಪಡಸಾಲೆಯಲ್ಲಿದ್ದಳು. ಮೊದಲ ದಿನ ಅವಳಿಗೆ ನೆಲದೊಳಗಿಂದ ಬಡಿಯುವ ಸದ್ದು ಕೇಳಿತು. ಎದ್ದು ಹೋಗಿ ಬೀಸುವ ಕಲ್ಲಿನ ಮುಂದೆ ಕೂತು ಬೀಸಿದಳು. ಸದ್ದು ನಿಲ್ಲುವವರೆಗೂ ಬೀಸಿದಳು. ಅವನು ಸಿಕ್ಕಿಬೀಳದಿರಲಿ ಎಂದು ಬೀಸಿದೆನೋ, ನನ್ನ ಕೂಸಿನ ಮನೆ ಉಳಿಯಲಿ ಎಂದು ಬೀಸಿದೆನೋ ನನಗೆ ತಿಳಿಯಲಿಲ್ಲ ಎಂದು ಅವಳೇ ತನ್ನ ಸೊಸೆಗೆ ಹೇಳಿದಳಂತೆ. ಆ ಕೂಸು ನಿನ್ನ ಅಜ್ಜನ ಅಜ್ಜ.

ನಾಲ್ಕನೇ ದಿನ ಚಪ್ಪಡಿ ಎತ್ತಿದರು. ಏನು ಕಂಡರೆಂದು ಬರೆಯುವುದಿಲ್ಲ. ಅಲ್ಲೇ ಮಣ್ಣು ತುಂಬಿ ಮೇಲೆ ಅದೇ ಚಪ್ಪಡಿ ಎಳೆದರು. ಹದಿನೈದು ದಿನ ಬಿಟ್ಟು ಅವನ ಹೆಂಡತಿ ಸೊಂಟದಲ್ಲಿ ಮಗುವನ್ನಿಟ್ಟುಕೊಂಡು ಕೇಳಲು ಬಂದಳು. ತಿಮ್ಮಪ್ಪ, ಘಟ್ಟದ ಕಡೆ ಹೋದ, ಬರುತ್ತಾನೆ ತಂಗಿ, ಎಂದ. ಅವಳು ಮಜ್ಜಿಗೆ ಕುಡಿದು ತವರಿಗೆ, ಹುಣಸೆಕಟ್ಟೆಗೆ ಹೋದಳು. ಆ ಊರಿಗೆ ನಮ್ಮವರು ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಯಾವುದೋ ಹಳೆಯ ಜಗಳ ಎಂದು ನೀವು ಗಂಡಸರು ಅಂದುಕೊಂಡಿದ್ದೀರಿ. ಆಮೇಲೆ ಸರ್ಕಾರಕ್ಕೆ ಹೊಸ ಗುರಿಕಾರ ಬೇಕಾದ. ತಿಮ್ಮಪ್ಪ ಅವನ ಕತ್ತಿಯನ್ನೇ ಸೊಂಟಕ್ಕೆ ಕಟ್ಟಿಕೊಂಡು ಹೋಗಿ ನಿಂತ.

ಮೊದಲ ಎಡೆ ಅವನಿಗೆ ಇಡುವುದು ಹಿರಿಯನೆಂದಲ್ಲ ಶಿವು. ಮುಚ್ಚಳ ಹಾಕದಿರುವುದು ಯಾಕೆಂದು ಇನ್ನು ನಾನು ಹೇಳಬೇಕಾಗಿಲ್ಲ.

ಅವನ ಉಸಿರು ತೆಗೆದುಕೊಂಡೆವು. ಕತ್ತಿ ತೆಗೆದುಕೊಂಡೆವು. ಅವನ ಪದವಿಯನ್ನೇ ಮನೆಗೆ ಹೆಸರು ಮಾಡಿಕೊಂಡೆವು. ಇಷ್ಟು ತಲೆಮಾರಿನಲ್ಲಿ ಒಂದು ಮಗುವಿಗೂ ಅವನ ಹೆಸರು ಇಟ್ಟಿಲ್ಲ. ಅದೊಂದನ್ನಾದರೂ ಅವನ ಜನಕ್ಕೆ ಬಿಟ್ಟಿದ್ದೇವೆ.

ಮಾಲತಿಗೆ ಗೊತ್ತಿತ್ತು. ತೊಂಬತ್ತೈದರಲ್ಲಿ ನೀವು ಬಂದಾಗ ಹೇಳಿದೆ. ಅಲ್ಲಿಯ ಚಳಿಯಲ್ಲಿ ಯಾವ ಅಂಗಳ, ಯಾವ ಚಪ್ಪಡಿ, ನೀನು ಮಾಡಬೇಕಾಗಿಲ್ಲ ಎಂದೆ. ಮಾಡುತ್ತೇನಕ್ಕ ಎಂದಳು. ಇವರಿಗೆ ಹೇಳಬೇಡಿ, ಹೇಳಿಕೊಳ್ಳಲು ಅದೊಂದೇ ಇರುವುದು ಅವರಿಗೆ, ಎಂದಳು.

ನಾನೂ ಅದಕ್ಕೇ ಸುಮ್ಮನಿದ್ದೆ. ಮಗುವಿಗೆ ಬೇರೆ ಹೆಸರಿಡು.

ಸುಲೋಚನಾ

———

ಕಾರ್ಲ್‌ಸ್ಕ್ರೂನಾ
16 ಸೆಪ್ಟೆಂಬರ್ 2024

ಅತ್ತಿಗೆಯವರಿಗೆ,

ಮೂರು ವಾರ ಕಾದೆ. ನಿಮ್ಮಿಂದ ಒಂದು ಸಾಲಿಲ್ಲ. ಇನ್ನು ಬೇಕಾಗಿಯೂ ಇಲ್ಲ.

ಹೆಸರು ಆಯಿತು. ಊರಿನಿಂದ ಪೇಪರ್ ಬಂತು, ಹಳೆಯ ಸನದಿನ ನಕಲು, ಮೋಡಿ ಅಕ್ಷರ, ನಿನಗೆ ಓದಲು ಬರುವುದಿಲ್ಲ ಎಂದು ಅಪೂರ್ವಳಿಗೆ ಹೇಳಿದೆ. ಅವಳು ತೋರಿಸು ಎನ್ನಲಿಲ್ಲ. ಅಪ್ಪ ಸುಳ್ಳು ಹೇಳುತ್ತಾನೆಂದು ಅವಳಿಗೆ ಹೊಳೆಯುವುದೂ ಇಲ್ಲ. ಹೋದ ಗುರುವಾರ ಗಂಡಹೆಂಡತಿ ಕಂಪ್ಯೂಟರಿನಲ್ಲೇ ಹೆಸರು ತುಂಬಿ ಕಳಿಸಿದರು. ಭರಮ ಎಮಿಲ್ ಸಂಡೆಲಿನ್. ನಾನು ಒಂದು ಸಲ ಜೋರಾಗಿ ಕರೆದೆ. ಕೂಸು ನನ್ನ ಕಡೆ ನೋಡಿತು.

ಮೂವರೂ ಮಗುವಿನೊಡನೆ ಗುನ್‌ವೋರಳ ಊರಿಗೆ ಬಂದಿದ್ದೇವೆ. ಸಮುದ್ರ, ಗಾಳಿ, ನೌಕಾಪಡೆಯ ಹಳೆಯ ಕಟ್ಟಡಗಳು. ನಿನ್ನೆ ಆಕೆ ತನ್ನ ಹಿರಿಯನ ಜಾಗ ತೋರಿಸುತ್ತೇನೆಂದು ಕಾರಿನಲ್ಲಿ ಕರೆದುಕೊಂಡು ಹೋದಳು. ನಾನು ಕಲ್ಲೋ ಕಂಬವೋ ಇರುತ್ತದೆ ಎಂದುಕೊಂಡೆ. ಒಂದು ಹೊಲ, ಮೂಲೆಯಲ್ಲಿ ನಾಲ್ಕು ಅಡಿಪಾಯದ ಕಲ್ಲು. ಅಲ್ಲೊಂದು ಕೊಟ್ಟಿಗೆ ಇತ್ತಂತೆ.

"ಇಲ್ಲೇ ಅವನು ತನ್ನ ಹತ್ತೊಂಬತ್ತು ಜನ ಸೈನಿಕರನ್ನು ಬಿಟ್ಟುಹೋದ" ಎಂದಳು. ಎಲ್ಲರಿಗೂ ಭೇದಿ ಹತ್ತಿತ್ತು, ಮೈಮೇಲೆ ಕೋಟಿರಲಿಲ್ಲ. ಅಧಿಕಾರಿ ಕ್ರಿಸ್ಮಸ್ಸಿಗೆ ಮನೆಗೆ ಹೋದ, ವಾಪಸು ಬರಲಿಲ್ಲ. ಪಾದ್ರಿ ಹತ್ತೊಂಬತ್ತು ಹೆಸರನ್ನೂ ಬರೆದು, ಅಧಿಕಾರಿ ಹೊರಟ ತಾರೀಖನ್ನೂ ಪಕ್ಕದಲ್ಲಿ ಬರೆದಿದ್ದಾನೆ.

"ಇದನ್ನು ಫೈಲಿನಲ್ಲಿ ಯಾಕೆ ಇಟ್ಟಿದ್ದೀ?" ಎಂದೆ. ನನ್ನ ಸ್ವೀಡಿಷ್ ಅಡಿಗೆಮನೆಯದು, ನಯ ಇರುವುದಿಲ್ಲ. "ಹರಿದು ಬಿಸಾಡು."

"ಹರಿದರೆ ಅವನು ನನ್ನ ಅಜ್ಜ ಅಲ್ಲವೆಂದಾಗುತ್ತದೆಯೆ?" ಎಂದಳು. ಬುಟ್ಟಿಯಿಂದ ಕಾಫಿ ಫ್ಲಾಸ್ಕು ತೆಗೆದು ಆ ಕಲ್ಲುಗಳ ಮೇಲೇ ಕೂತು ಬನ್ನು ತಿಂದಳು. ವಿಚಿತ್ರ ಜನ. ನಮ್ಮ ಭರಮಪ್ಪ ಸದ್ಯ ಜನರನ್ನು ಬಿಟ್ಟು ಓಡಿದವನಲ್ಲ ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಮರ್ಯಾದೆ ನನಗಿದೆ.

ಶಿವಕುಮಾರ

———

ಸೋಲ್ನಾ
5 ಅಕ್ಟೋಬರ್ 2024

ಅತ್ತಿಗೆ,

ನಿಮ್ಮ ಕಾಗದ ಸೆಪ್ಟೆಂಬರ್ ಇಪ್ಪತ್ತೇಳಕ್ಕೆ ಸಿಕ್ಕಿತು. ನಾನು ಕಾರ್ಲ್‌ಸ್ಕ್ರೂನಾದಿಂದ ಬರೆದದ್ದು ನಿಮಗೆ ಸಿಕ್ಕಿರಬಹುದು. ಅದನ್ನು ಒಲೆಗೆ ಹಾಕಿ.

ಐದು ದಿನ ಯಾರ ಮುಖವನ್ನೂ ನೋಡಲಿಲ್ಲ. ಮೊದಲು ನಿಮ್ಮ ಮೇಲೆ ಸಿಟ್ಟು ಬಂತು. ಆಮೇಲೆ ತಿಮ್ಮಪ್ಪನ ಮೇಲೆ. ಕೊನೆಗೆ ನನ್ನ ಮೇಲೇ. ಮಾಲತಿಯನ್ನು ಇಪ್ಪತ್ತಮೂರು ವರ್ಷ ಮುಚ್ಚಳಕ್ಕಾಗಿ ಬೈದೆನಲ್ಲ ಅತ್ತಿಗೆ. ಒಂದು ಸಲವೂ ಬಾಯಿ ತೆರೆಯಲಿಲ್ಲ. ಹೋಟೆಲಿನಿಂದ ನಾನು ಬರುವಷ್ಟರಲ್ಲಿ ಕಿಟಕಿ ತೆರೆದು ಹೊಗೆ ಹೊರಗೆ ಓಡಿಸುತ್ತ ನಿಂತಿರುತ್ತಿದ್ದಳು, ಸೆರಗಿನಿಂದ.

ಮಹಾಲಯದ ದಿನ ಅಪೂರ್ವಳ ಮನೆಗೆ ಹೋದೆ. ಗುನ್‌ವೋರಳೂ ಇದ್ದಳು. ನಾನೇ ಅಡಿಗೆ ಮಾಡಿದೆ. ಯಾವುದನ್ನೂ ಮುಚ್ಚಲಿಲ್ಲ. ಅಪೂರ್ವ, "ಅಪ್ಪ, ಫ್ಯಾನ್ ಹಾಕಿ, ಅಲಾರ್ಮ್ ಹೊಡ್ಕೊಳತ್ತೆ. ಅಮ್ಮನ ಥರಾನೇ ಮಾಡ್ತಿದೀರಲ್ಲ" ಎಂದಳು.

ಅಲ್ಲೇ ಹೇಳಿದೆ. ಪೇಪರ್ ಬಂದದ್ದು ಸುಳ್ಳು ಎಂದೆ. ಹಗೇವಿನ ಕತೆ ಹೇಳಿದೆ. ಅವಳಿಗೆ ಕನ್ನಡದಲ್ಲಿ, ಎಮಿಲ್‌ಗೂ ಅವನ ತಾಯಿಗೂ ನನ್ನ ಮುರುಕು ಸ್ವೀಡಿಷ್‌ನಲ್ಲಿ, ಎರಡೆರಡು ಸಲ. ಬೀಸುವ ಕಲ್ಲಿಗೆ ಆ ಭಾಷೆಯ ಪದ ಗೊತ್ತಿಲ್ಲ, ಕೈ ತಿರುಗಿಸಿ ತೋರಿಸಿದೆ. ಆಗ ಗುನ್‌ವೋರ್ ತಿನ್ನುವುದನ್ನು ನಿಲ್ಲಿಸಿದಳು.

ಅಪೂರ್ವ ಹೆಸರಿನ ಮಾತೆತ್ತಲಿಲ್ಲ. "ಅಮ್ಮಂಗೆ ಗೊತ್ತಿತ್ತಾ?" ಎಂದಳು. ಹೌದು ಎಂದೆ. "ನಂಗ್ಯಾಕೆ ಹೇಳ್ಲಿಲ್ಲ ಅವ್ಳು?" ಎಂದು ಕೂಸನ್ನು ಎತ್ತಿಕೊಂಡು ರೂಮಿಗೆ ಹೋದಳು. ಅವಳ ಬಾಣಂತನಕ್ಕೆ ಹೇಳುವ ಅತ್ತೆಯೂ ಇರಲಿಲ್ಲ, ತಾಯಿಯೂ ಇರಲಿಲ್ಲ. ನಾನು ಹೇಳಿದ್ದೇ ಅವಳ ಪಾಲಿಗೆ ಬಂತು.

ಗುನ್‌ವೋರ್ ಫೈಲು ತಂದಳು. ಬಲಗಡೆಯ ಬಿಳಿ ಹಾಳೆಯ ಮೇಲೆ ಪೆನ್ನಿಟ್ಟು, "ತಿಮ್ಮಪ್ಪ, ಅಕ್ಷರ ಹೇಳು" ಎಂದಳು. ಹೇಳಿದೆ. "ಆ ಸೊಸೆಯ ಹೆಸರು?" ಎಂದಳು. ಗೊತ್ತಿಲ್ಲ ಎಂದೆ. ಒಂದು ಗೆರೆ ಎಳೆದು ಅದರ ಮೇಲೆ ಏನೋ ಬರೆದಳು. ಏನೆಂದು ಕೇಳಿದರೆ, "ಬೀಸಿದವಳು" ಎಂದಳು.

ನಿನ್ನೆ ನಾನೊಬ್ಬನೇ ಇಲ್ಲಿಯ ಸರ್ಕಾರಿ ಸೇವಾ ಕಚೇರಿಗೆ ಹೋಗಿ ಚೀಟಿ ತೆಗೆದುಕೊಂಡು ಕೂತೆ. ಕೌಂಟರಿನಲ್ಲಿ ನೈನಾ ಎಂದು ಹೆಸರು ತಗುಲಿಸಿಕೊಂಡ ಹುಡುಗಿ. ಮಗುವಿನ ಹೆಸರು ತೆಗೆಯಬೇಕು ಎಂದೆ.

"ಬರೆಯುವಾಗ ತಪ್ಪಾಗಿದೆಯೆ?"

"ಬರೆದದ್ದು ಸರಿಯಿದೆ. ಹೆಸರು ನಮ್ಮದಲ್ಲ."

"ಹಾಗೆಂದರೆ?"

"ಬೇರೆಯವರದು. ಎತ್ತಿಕೊಂಡು ಬಂದುಬಿಟ್ಟೆವು."

ಅವಳು ಕಂಪ್ಯೂಟರನ್ನು ನೋಡಿದಳು, ನನ್ನನ್ನು ನೋಡಿದಳು. ಅಂಥದ್ದಕ್ಕೆ ಅಲ್ಲಿ ಕಲಂ ಇಲ್ಲ. "ನೀವು ಅಜ್ಜ, ನಿಮ್ಮ ಸಹಿ ನಡೆಯುವುದಿಲ್ಲ. ತಂದೆತಾಯಿ ಇಬ್ಬರೂ ಸಹಿ ಮಾಡಬೇಕು. ಕಾರಣ ಬರೆಯಬೇಕಾಗಿಲ್ಲ" ಎಂದು ಒಂದು ಫಾರಂ ಅಚ್ಚು ಮಾಡಿ ಕೊಟ್ಟಳು. ಕಾರಣ ಬರೆಯಬೇಕಾಗಿಲ್ಲ ಎಂದದ್ದಕ್ಕೆ ಯಾಕೋ ಅಲ್ಲೇ ಕಣ್ಣಲ್ಲಿ ನೀರು ಬಂತು. ವಯಸ್ಸು.

ಅಪೂರ್ವಳ ಮುಂದೆ ಫಾರಂ ಇಟ್ಟೆ. ಎಮಿಲ್ ಮರುಮಾತಿಲ್ಲದೆ ಸಹಿ ಹಾಕಿದ. ಅವಳು ಪೆನ್ನು ತೆಗೆದುಕೊಂಡಳು. "ಅಪ್ಪ, ಈಗ ಹೆಸರು ನಾನ್ ಇಡ್ತೀನಿ. ನೀವು ಏನೂ ಹೇಳ್ಬೇಡಿ" ಎಂದಳು. ನಾನು ಏನೂ ಹೇಳಲಿಲ್ಲ. ನನ್ನ ಜೀವಮಾನದಲ್ಲೇ ಮೊದಲು. ರಿಷಿ ಎಂದು ಬರೆದಳು. ಗಡ್ಡವಿಲ್ಲದ ಋಷಿ. ಹಾಲು ಕುಡಿದು ಮಲಗಿದ್ದಾನೆ.

ಈಗ ನಿಮ್ಮ ಕೆಲಸ. ನಮ್ಮ ಹಿರಿಯನನ್ನು ಹುಡುಕಿದ್ದು ಸಾಕು, ಭರಮಪ್ಪನ ಕಿರಿಯರನ್ನು ಹುಡುಕಬೇಕು. ಆ ಹೆಂಗಸು ಹೋದ ಊರು ನಿಮಗೆ ಗೊತ್ತಿದೆ. ಸುಧೀರನ ಅಂಗಡಿ ಒಂದು ದಿನ ಮುಚ್ಚಿದರೆ ಹರಿಹರ ಮುಳುಗುವುದಿಲ್ಲ. ಹೋಗಿ ಹೇಳಿ ಬನ್ನಿ. ಬೈದರೆ ಬೈಸಿಕೊಳ್ಳಿ, ಹೇಗೂ ನಿಮಗೆ ಕೇಳುವುದಿಲ್ಲ. ನಾನೇ ಬರಬೇಕಿತ್ತು, ಕಾಲು ಬಿಡುತ್ತಿಲ್ಲ.

ಭೂಮಿಯ ವಿಷಯ ಬರೆದದ್ದು ತಪ್ಪು.

ಶಿವಕುಮಾರ

———

ಹರಿಹರ
6-11-2024

ಶಿವು,

ದೀಪಾವಳಿ ಮುಗಿಸಿಕೊಂಡು ಮೊನ್ನೆ ಸೋಮವಾರ ಹುಣಸೆಕಟ್ಟೆಗೆ ಹೋಗಿದ್ದೆವು. ಸುಧೀರ ದಾರಿಯುದ್ದಕ್ಕೂ ಗೊಣಗಿದ, "ಇನ್ನೂರು ವರ್ಷದ್ದು ಯಾಕವ್ವ ಕೆದಕೋದು" ಎಂದು. ಕತ್ತಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಕಾರಿನಲ್ಲಿಟ್ಟಿದ್ದೆ. ನಿನಗೊಂದು ಹೇಳುವುದು ಮರೆತೆ, ಕಿವಿಗೆ ಮಿಷನ್ನು ಹಾಕಿಸಿಕೊಂಡೆ. ಬೈಯುವುದು ಕೇಳಲಿ ಎಂದೇ.

ಭರಮಪ್ಪನ ಪೈಕಿಯವರು ಯಾರೆಂದು ಊರ ಬಾಗಿಲಲ್ಲಿ ಒಬ್ಬರನ್ನು ಕೇಳಿದ್ದಕ್ಕೆ ಸೀದಾ ಮನೆ ತೋರಿಸಿದರು. ನಿನ್ನ ವಯಸ್ಸಿನವನೊಬ್ಬ ಜಗಲಿಯ ಮೇಲೆ ಮೆಕ್ಕೆಜೋಳ ಬಿಡಿಸುತ್ತ ಕೂತಿದ್ದ. ಇಲ್ಲಿ ಭರಮಪ್ಪ ಎಂಬ ಹೆಸರಿನವರು ಯಾರಾದರೂ ಹಿಂದೆ ಇದ್ದರಾ, ಎಂದೆ. "ಹಿಂದೆ ಯಾಕವ್ವಾ, ನಾನಾ ಭರಮಪ್ಪ. ನಮ್ಮಜ್ಜಂದೂ ಅದಾ ಹೆಸರು. ಒಳಗೊಬ್ಬ ಮೊಮ್ಮಗ ಅದಾನ, ಅವಂದೂ ಅದಾ. ಯಾವ ಭರಮಪ್ಪ ಬೇಕು ಹೇಳ್ರಿ" ಎಂದು ನಕ್ಕ.

ಜಗಲಿಯ ಮೇಲೆ ಕೂತೆ. ಅವನ ಹೆಂಡತಿ ಮಜ್ಜಿಗೆ ತಂದಳು. ನಾನು ಮುಟ್ಟಲಿಲ್ಲ. ಮೊದಲು ಹೇಳುತ್ತೇನೆ, ಕೇಳಿದ ಮೇಲೂ ಕೊಡುವ ಮನಸ್ಸಿದ್ದರೆ ಕುಡಿಯುತ್ತೇನೆ ಎಂದೆ.

ಎಲ್ಲ ಹೇಳಿದೆ. ನಾವು ಯಾರೆಂದು ಮೊದಲು ಹೇಳಿ, ಆಮೇಲೆ ಹಗೇವು, ಮೂರು ದಿನ, ಬೀಸುವ ಕಲ್ಲು, ಘಟ್ಟದ ಕಡೆ ಹೋದನೆಂಬ ಸುಳ್ಳು. ಅವನು ಕಾಳು ಬಿಡಿಸುತ್ತಲೇ ಇದ್ದ. ಸುಳ್ಳಿನ ಮಾತು ಬಂದಾಗ ಕೈ ನಿಂತಿತು.

"ನಮ್ಮನ್ಯಾಗ ಆ ಅಜ್ಜಗ ಎಡಿ ಇಡಂಗಿಲ್ರಿ" ಎಂದ. "ಎಲ್ಲಾ ಹಿರೇರಿಗೂ ಇಡ್ತೀವಿ, ಅವಂಗಿಲ್ಲ. ಘಟ್ಟದ ಕಡೀಗೆ ಹೋಗ್ಯಾನ, ಸತ್ತ ಸುದ್ದಿ ಬಂದಿಲ್ಲ, ಬದುಕಿದ್ದೋರಿಗೆ ಎಡಿ ಇಡಬಾರ್ದು ಅಂತ ಆ ಅಜ್ಜನ ಹೆಂಡ್ತಿ ಹೇಳಿ ಸತ್ಲಂತೆ. ಹಂಗಾ ನಡಕೊಂಡು ಬಂದೈತಿ. ಯಾರೂ ಯಾಕ ಅಂತ ಕೇಳಿಲ್ಲ."

ಶಿವು, ನಾವು ವರ್ಷ ವರ್ಷ ಎಡೆ ಇಟ್ಟೆವು, ಕೈತೊಳೆದುಕೊಂಡೆವು ಎಂದುಕೊಂಡೆವು. ಆ ಮನೆಯಲ್ಲಿ ಅವನನ್ನು ಸಾಯಲೂ ಬಿಟ್ಟಿರಲಿಲ್ಲ ನಾವು.

ಸುಧೀರ ಕತ್ತಿ ತಂದು ಮುಂದಿಟ್ಟ. ಅವನು ಪಂಚೆ ಸರಿಸಿ ಒಮ್ಮೆ ಹಿಡಿ ಮುಟ್ಟಿ ನೋಡಿದ. "ಇದನ್ನ ತಗೊಂಡು ಏನ್ ಮಾಡ್ಲಿ ತಮ್ಮಾ. ಕುರುಪಿಯಾಗಿದ್ರ ಕಳೇನಾದ್ರೂ ತೆಗೀತಿದ್ದೆ" ಎಂದ. ಅವನ ಹೆಂಡತಿ ಮಾತ್ರ ಅದನ್ನು ಎತ್ತಿಕೊಂಡು ಒಳಗೆ ಹೋಗಿ ದೇವರ ಮಾಡದ ಕೆಳಗೆ ಇಟ್ಟಳು. ಹೊರಗೆ ಬಂದು ನನ್ನ ಮುಖವನ್ನೇ ನೋಡಿ, "ಆಕಿ ಬೀಸ್ತಾ ಇದ್ಲು ಅಂದ್ರಲ್ಲ, ಆಕೀಗೆ ಹಾಲು ಬತ್ತಲಿಲ್ಲಾ?" ಎಂದಳು. ಅದೊಂದೇ ಮಾತು. ಇದನ್ನು ನಮ್ಮ ಅತ್ತೆಯಂದಿರು ಯಾರೂ ಹೇಳಿಲ್ಲ.

ಆಮೇಲೆ ಭರಮಪ್ಪ, "ಯಾವ ದಿನ ಆತ್ರಿ ಅದು? ಯಾವ ತಿಥಿ?" ಎಂದು ಕೇಳಿದ. ಅದೂ ನನಗೆ ಗೊತ್ತಿಲ್ಲ ಶಿವು. ಇಷ್ಟು ಜನ ಹೆಂಗಸರು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದೆವು, ಕುದುರೆ ಹುಲ್ಲು ತಿಂದದ್ದು ನೆನಪಿಟ್ಟೆವು, ಅವನು ಹೋದ ದಿನ ಯಾರಿಗೂ ನೆನಪಿಲ್ಲ. ಗೊತ್ತಿಲ್ಲಪ್ಪ ಎಂದೆ.

ಅವನು ಕೈಲಿದ್ದ ತೆನೆ ಬದಿಗಿಟ್ಟ. "ಇರ್ಲಿ. ತಿಥಿ ಗೊತ್ತಿಲ್ದೋರಿಗೆ ಮಾಲಯ ಅಮಾಸಿ ಐತಲ್ಲ. ಬರೋ ವರ್ಷದಿಂದ ನಾವು ಇಡ್ತೀವಿ. ನೀವಿನ್ನ ಇಡಬ್ಯಾಡ್ರಿ" ಎಂದ. ಸಿಟ್ಟಿನಿಂದ ಹೇಳಲಿಲ್ಲ. ನೆಂಟರ ಮನೆಯಲ್ಲಿ ಬಹಳ ದಿನ ಉಳಿದವನನ್ನು ಕರೆದೊಯ್ಯಲು ಬಂದವರು ಹೇಳಿದ ಹಾಗೆ ಹೇಳಿದ.

ಮಜ್ಜಿಗೆಯನ್ನು ಆಕೆ ವಾಪಸು ಒಯ್ದಿರಲಿಲ್ಲ. ಕುಡಿದು ಬಂದೆ.

ಸುಲೋಚನಾ